ಗೌರಮ್ಮನವರ ಮಾಳಿಗೆಯ ಪುಕ್ಕಟೆ ನೋಟ

ಜಲಾಶಯದ ಗೇಟು ತೆರೆದ ದಿನ ಹೊಸಪೇಟೆಯ ಗಾಳಿಗೆ ಬೇರೆಯೇ ವಾಸನೆ ಬರುತ್ತದೆ. ಹಸಿ ಮಣ್ಣು, ಪಾಚಿ, ಅದರ ಜೊತೆಗೆ ರಸ್ತೆ ಬದಿಯ ಬಂಡಿಗಳಲ್ಲಿ ಕಾಯುವ ಮಿರ್ಚಿ ಎಣ್ಣೆ. ಊರಿಗೆ ಊರೇ ನೀರು ನೋಡಲು ಹೊರಡುತ್ತದೆ. ಈ ವರ್ಷವೂ ಕಂಪನಿ ಬಸ್ಸು ಇಳಿದು ಮನೆ ಕಡೆ ನಡೆಯುವಾಗ ಆ ವಾಸನೆ ಮೂಗಿಗೆ ಬಡಿಯಿತು. ಜೊತೆಗಿದ್ದವರೆಲ್ಲ ಡ್ಯಾಮಿನ ಕಡೆ ಕತ್ತು ಚಾಚಿದರು. ನಾನು ಮಾತ್ರ ಹಿಂದೆ ತಿರುಗಿ, ಯಾರಾದರೂ ಬರುತ್ತಿದ್ದಾರಾ ಎಂದು ನೋಡಿದೆ. ಒಂದು ಮಳೆಗಾಲ ಪೂರ್ತಿ ರೂಢಿಯಾದ ಚಾಳಿ ಇದು, ಇನ್ನೂ ಬಿಟ್ಟಿಲ್ಲ.

ಸಂಡೂರು ತಾಲೂಕಿನ ಬಂಡ್ರಿ ನಮ್ಮೂರು. ಮನೆಯಲ್ಲಿ ಇದ್ದದ್ದು ಅಪ್ಪ, ಅವ್ವ ಮತ್ತು ನಾನು. ಅಪ್ಪ ಹುಲಿಗೆಪ್ಪ ಹರೆಯದಿಂದಲೂ ಗಣಿ ಕೂಲಿ ಮಾಡಿದವನು. ಅಲ್ಲಿನ ಕೆಂಪು ಧೂಳು ಬಟ್ಟೆಯಿಂದ ಹೋದರೂ ಎದೆಯಿಂದ ಹೋಗಲಿಲ್ಲ. ನಾನು ಡಿಪ್ಲೊಮಾ ಮುಗಿಸಿ ತೋರಣಗಲ್ಲಿನ ಕಾರ್ಖಾನೆಯ ಲ್ಯಾಬಿನಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ ವರ್ಷವೇ ಅವನ ದಮ್ಮು ಜೋರಾಯಿತು. ಬಳ್ಳಾರಿಯ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, "ಧೂಳಿನಿಂದ ದೂರ ಇಡ್ರಿ. ಛಲೋ ಗಾಳಿ ಆಡೋ ಕಡೆ ಮನಿ ಮಾಡ್ರಿ. ಇಲ್ಲಾಂದ್ರ ಬರೋ ಚಳಿಗಾಲ ದಾಟೋದು ಕಷ್ಟ ಐತಿ" ಎಂದರು. ಅವತ್ತಿನಿಂದ ಆ ಚಳಿಗಾಲ ನನ್ನ ಎದೆಯ ಮೇಲೆ ಬಂದು ಕೂತಿತು.

ಬಂಡ್ರಿಯವರಿಗೆ ಹೊಸಪೇಟೆಯೇ ಮಹಾನಗರ. ಅಂಥ ಊರಲ್ಲಿ ಖಾಲಿ ಮನೆಗಳಿಗೆ ಬರವಿಲ್ಲ, ನಮಗೆ ಕೊಡುವ ಮನೆಗಳಿಗೆ ಮಾತ್ರ ಬರ. ಫೋನಿನಲ್ಲಿ ಮಾತು ಚೆನ್ನಾಗಿಯೇ ಶುರುವಾಗುತ್ತಿತ್ತು. ನೀರು ಇಪ್ಪತ್ನಾಲ್ಕು ತಾಸು ಅನ್ನುವರು, ಬಸ್‌ಸ್ಟಾಪ್ ಹತ್ತಿರ ಅನ್ನುವರು, ಆಮೇಲೆ ಮೆಲ್ಲಗೆ "ನೀವು ಯಾವ ಪೈಕಿ ರೀ?" ಎಂದು ಕೇಳುವರು. ನಾವು ಬೌದ್ಧರು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ದೀಕ್ಷೆ ತಗೊಂಡಿದ್ದ. ದೀಕ್ಷೆಗೆ ಮೊದಲು ನಮ್ಮ ಕೇರಿ ಊರ ಹೊರಗಿತ್ತು, ದೀಕ್ಷೆಯಾದ ಮೇಲೂ ಅಲ್ಲೇ ಇತ್ತು. ಬೌದ್ಧರು ಎಂದು ಹೇಳಿದರೆ ಆ ಕಡೆಯವರು "ನಮ್ಮ ಅಳಿಯ ಬರ್ತೀನಿ ಅಂದಾನ, ನೋಡಿ ಹೇಳತೀವಿ" ಎಂದು ಇಟ್ಟುಬಿಡುತ್ತಿದ್ದರು. ಹೊಸಪೇಟೆಯಲ್ಲಿ ಅಷ್ಟೊಂದು ಅಳಿಯಂದಿರಿದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ.

ಕೊನೆಗೆ ಸಿಕ್ಕಿದ್ದು ಗೌರಮ್ಮನವರ ಮನೆ. ಊರಿನ ಪಡುವಣ ಅಂಚಿನಲ್ಲಿ, ಎತ್ತರದ ಜಾಗದಲ್ಲಿ, ಎರಡು ಅಂತಸ್ತಿನ ಮೇಲೆ ಮಾಳಿಗೆಗೆ ಹೊಂದಿಕೊಂಡು ಕಟ್ಟಿದ ಪುಟ್ಟ ಮನೆ. ಅವರು ಶೈವರು, ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇದ್ದವರು. ಅವರ ಗಂಡ ಸಾವ್ಕಾರರು ಬೆಳಿಗ್ಗೆ ಕಾರು ಹತ್ತಿ ಗಿರಣಿಗೆ ಹೋದರೆ ಸಂಜೆಯೇ ಬರುತ್ತಿದ್ದರು. ಗೌರಮ್ಮನವರು ನನ್ನನ್ನು ಮಾಳಿಗೆಯ ಮೋಟುಗೋಡೆಯ ಹತ್ತಿರ ನಿಲ್ಲಿಸಿ ಕೈ ಚಾಚಿದರು. ಒಂದು ಕಡೆ ಜಲಾಶಯದ ನೀರು ಕಣ್ಣು ಹಾಯುವಷ್ಟು ದೂರ. ದಕ್ಷಿಣಕ್ಕೆ ಸಂಡೂರಿನ ಗುಡ್ಡಗಳ ಸಾಲು. ಇನ್ನೊಂದು ಕಡೆ ಕಬ್ಬು, ಬಾಳೆ ತೋಟ, ಅವುಗಳ ಆಚೆ ಹಂಪಿಯ ಬಂಡೆಗಳು.

"ಬಾಡಿಗಿ ಮನಿಗಷ್ಟ ನೋಡವ್ವ. ಈ ಗಾಳಿ, ಈ ನೋಟ ಎಲ್ಲಾ ಪುಕ್ಕಟೆ" ಎಂದು ನಕ್ಕರು. ಆಮೇಲೆ ದನಿ ಇಳಿಸಿ, "ಮನ್ಯಾಗ ಕೋಳಿ ಕುರಿ ಏನೂ ಮಾಡಂಗಿಲ್ಲ ಅಲ್ಲ?" ಎಂದರು.

"ಇಲ್ರಿ ಅಮ್ಮಾರ. ನಮ್ಮಪ್ಪಗ ಡಾಕ್ಟರು ಬ್ಯಾಡ ಅಂದಾರ."

ಅದು ನಿಜವೇ. ಕರಿದದ್ದು, ಖಾರದ್ದು, ಮಸಾಲೆ ಹಾಕಿದ್ದು ಏನೂ ಬೇಡ ಎಂದು ಡಾಕ್ಟರು ಹೇಳಿದ್ದರು. ಗೌರಮ್ಮನವರು ಅದರಿಂದ ತಮಗೆ ಬೇಕಾದ ಅರ್ಥ ಮಾಡಿಕೊಂಡು ಬೀಗದ ಕೈ ಕೊಟ್ಟರು. ನಾನು ತಿದ್ದಲಿಲ್ಲ. ಕೆಳಗೆ ಅವರ ಪಡಸಾಲೆಯಲ್ಲಿ ಆಳೆತ್ತರದ ಬಿಳಿ ಬುದ್ಧ ಕೂತಿದ್ದ, ಅವನ ಮಡಿಲಿನಿಂದ ಮೋಟರಿನ ನೀರು ಬೀಳುತ್ತಿತ್ತು. ಮನೆಗೆ ಶಾಂತಿ ಇರುತ್ತದೆಂದು ಯಾರೋ ಹೇಳಿ ತರಿಸಿದ್ದರಂತೆ. ಹಾಗಾಗಿ ನಮ್ಮ ಬುದ್ಧನಿಗೆ ಷೋಕೇಸಿನಲ್ಲಿ ಕೂರಲು ಅಡ್ಡಿಯಿರಲಿಲ್ಲ. ನೀಲಿ ಕೋಟು ತೊಟ್ಟು ಕೈಯಲ್ಲಿ ಪುಸ್ತಕ ಹಿಡಿದವರ ದೊಡ್ಡ ಚಿತ್ರವನ್ನು ಮಾತ್ರ ನಾನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನೊಳಗೆ ಇಟ್ಟೆ. ಅಪ್ಪ ಅದನ್ನು ನೋಡಿದ. ಅವತ್ತು ಊಟ ಅರ್ಧಕ್ಕೇ ಬಿಟ್ಟು ಎದ್ದ.

ಮರುದಿನ ಹೇಳಿದ, "ನಾನಾಗಿ ಯಾರಿಗೂ ಏನೂ ಹೇಳಂಗಿಲ್ಲ ಸುಜಾತ. ಆದ್ರ ಯಾರರ ಕೇಳಿದ್ರ ಸುಳ್ಳು ಹೇಳಂಗಿಲ್ಲ."

ಹಾಗಾದರೆ ಯಾರೂ ಕೇಳದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸವಾಯಿತು.

ಮಳೆ ಹಿಡಿಯಿತು. ಅಪ್ಪನ ಪ್ಲಾಸ್ಟಿಕ್ ಕುರ್ಚಿ ಮೋಟುಗೋಡೆಯ ಪಕ್ಕ ಕಾಯಂ ಆಯಿತು. ಮೋಡ ಬಿಟ್ಟಾಗ ಸಂಡೂರಿನ ಗುಡ್ಡಗಳು ಹಸಿರು ಕಂಬಳಿ ಹೊದ್ದ ಹಾಗೆ ಕಾಣುತ್ತಿದ್ದವು. ಅಗೆದ ಗಾಯಗಳ ಮೇಲೂ ಹುಲ್ಲು ಬಂದಿತ್ತು. "ಅಷ್ಟು ವರ್ಷ ಅದರೊಳಗ ಇದ್ನಲ್ಲಾ, ಇದು ಇಷ್ಟು ಚಂದ ಐತಂತ ಗೊತ್ತ ಇದ್ದಿಲ್ಲ ನೋಡು" ಎನ್ನುತ್ತಿದ್ದ. ಜಲಾಶಯದ ಕಡೆಯಿಂದ ಬರುವ ತಣ್ಣನೆ ಗಾಳಿಗೆ ಅವನ ಕೆಮ್ಮು ದಿನದಿನಕ್ಕೆ ಇಳಿಯಿತು. ಜೇಬಿನಿಂದ ದಮ್ಮಿನ ಪಂಪು ತೆಗೆಯುವುದು ಕಡಿಮೆಯಾಯಿತು. ಮೊದಲ ಬಾರಿಗೆ ಅವನು ಎರಡು ಮಾತನ್ನು ನಡುವೆ ಉಸಿರು ಎಳೆಯದೆ ಆಡಿದಾಗ ಅವ್ವ ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಂಡಳು. ನನಗೂ ಖುಷಿಯಾಯಿತು, ಆದರೆ ಗುಣ ಕಂಡ ಮೇಲೆ ಈ ಮನೆ ಕಳೆದುಕೊಳ್ಳುವ ಭಯ ದುಪ್ಪಟ್ಟಾಯಿತು.

ಎಲ್ಲರೂ ನೋಟ ನೋಡುವಾಗ ನಾನು ಮೆಟ್ಟಿಲು ನೋಡುತ್ತಿದ್ದೆ. ಗೌರಮ್ಮನವರ ಗೆಜ್ಜೆಯ ಸಪ್ಪಳ ಕೇಳಿದರೆ ಸಾಕು, ಅವರಿಗಿಂತ ಮೊದಲು ನಾನು ಅಪ್ಪನ ಪಕ್ಕ ಇರುತ್ತಿದ್ದೆ. ಅವರು ಒಳ್ಳೆಯವರು, ಅದೇ ದೊಡ್ಡ ಪಜೀತಿ. ಕೆಟ್ಟವರಾಗಿದ್ದರೆ ದೂರ ಇರುತ್ತಿದ್ದರು. ಇವರು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ತಂದು ಅಪ್ಪನ ಮುಂದೆ ಇಟ್ಟು, "ಉಣ್ರಿ ಹಿರೇರ, ಮೈಯಾಗ ಒಂಚೂರು ಖಂಡ ಬರ್ಲಿ" ಎಂದು ಎದುರಿಗೇ ಕೂತುಬಿಡುತ್ತಿದ್ದರು. ಕೂತವರು ಮಾತಾಡದೆ ಇರುತ್ತಾರೆಯೇ? ಮಾತಾಡಿದರೆ ನಂಟರು, ಮದುವೆ, ಮನೆದೇವರು ಎಲ್ಲ ಬರುತ್ತವೆ. ನಾನು ನಡುವೆ ಬಾಯಿ ಹಾಕಿ ಮಾತನ್ನು ಈರುಳ್ಳಿ ರೇಟಿನ ಕಡೆಗೋ, ಟ್ಯಾಂಕಿನ ಸೋರಿಕೆಯ ಕಡೆಗೋ ತಿರುಗಿಸುತ್ತಿದ್ದೆ. "ನಿಮ್ಮ ಹುಡುಗಿಗೆ ಮಾತಂದ್ರ ಭಾಳ ಹುಚ್ಚು" ಎಂದು ಅವರು ಅವ್ವನಿಗೆ ಹೇಳಿದ್ದರಂತೆ. ಲ್ಯಾಬಿನಲ್ಲಿ ನನ್ನನ್ನು ಮೂಗಿ ಎಂದು ಕರೆಯುತ್ತಾರೆ.

ಕಾರ್ಖಾನೆಯಲ್ಲಿದ್ದಾಗ ಇನ್ನೂ ಕಷ್ಟ. ಕುಲುಮೆಯ ಸ್ಯಾಂಪಲ್ ಕೈಯಲ್ಲಿ ಹಿಡಿದು, ಈಗ ಮೇಲೆ ಬಂದಿರಬಹುದು, ಈಗ ಕೇಳಿರಬಹುದು, ಅಪ್ಪ ಈಗ ಬಾಯಿ ತೆರೆದಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಫೋನು ಮಾಡಿದರೆ ಅವ್ವ, "ಏನಿಲ್ಲವ್ವ, ನಿಮ್ಮಪ್ಪ ನೀರು ನೋಡ್ಕೋತ ಕುಂತಾನ" ಎನ್ನುತ್ತಿದ್ದಳು. ಆ ಮಾತು ಕೇಳಲಿಕ್ಕೇ ಫೋನು ಮಾಡುತ್ತಿದ್ದೆ.

ಆ ವರ್ಷ ಗೇಟು ತೆರೆದ ದಿನ ಗೌರಮ್ಮನವರ ಅಕ್ಕ ಕಂಪ್ಲಿಯಿಂದ ಬಂದರು. ಅಲ್ಲಿ ಹೊಳೆ ಏರಿ ಸೇತುವೆ ಮುಳುಗುವ ಹಾಗಾಗಿತ್ತು. ಸಂಜೆ ಅಕ್ಕ ತಂಗಿ ಇಬ್ಬರೂ ಮಂಡಕ್ಕಿ ಮಿರ್ಚಿ ತಗೊಂಡು ಮಾಳಿಗೆಗೆ ಬಂದರು. ದೂರದಲ್ಲಿ ಗೇಟುಗಳ ಕೆಳಗೆ ನೀರು ಬೆಳ್ಳಗೆ ನುಗ್ಗುತ್ತಿತ್ತು, ಅದರ ಮೇಲೆ ಬಣ್ಣಬಣ್ಣದ ದೀಪ ಬಿಟ್ಟಿದ್ದರು. "ಇಲ್ಲಿ ಕುಂತು ನೋಡಾಕ ಮಸ್ತ್ ಐತಿ. ನಮ್ಮೂರ ಕೋಟಿ ಓಣಿ ಒಳಗ ನೀರು ಹೊಕ್ಕಾಗ ನೋಡ್ರಿ ಇದರ ಆಟ" ಎಂದು ಅಕ್ಕ ನಿಟ್ಟುಸಿರು ಬಿಟ್ಟರು. ಆಮೇಲೆ ಅಪ್ಪನ ಕಡೆ ತಿರುಗಿ, "ಬಂಡ್ರ್ಯಾಗ ನಿಮ್ಮ ಮನಿ ಎಲ್ಲಿ ಬರತೈತ್ರಿ? ಮಠದ ಹಂತ್ಯಾಕೇನು?" ಎಂದರು.

ಅಪ್ಪ ಬಾಯಿ ತೆರೆದ. ನನ್ನ ಕೈಯಲ್ಲಿದ್ದ ಚಹಾದ ಕಪ್ಪು ಜಾರಿ ಅಕ್ಕನ ಸೀರೆಯ ನೆರಿಗೆಯ ಮೇಲೆ ಬಿತ್ತು. ಜಾರಿತೋ, ನಾನೇ ಬಿಟ್ಟೆನೋ, ಇವತ್ತಿಗೂ ಖಾತ್ರಿಯಿಲ್ಲ. ಗದ್ದಲದಲ್ಲಿ ಪ್ರಶ್ನೆ ಮರೆತುಹೋಯಿತು.

ಶ್ರಾವಣದಲ್ಲಿ ಗೌರಮ್ಮನವರು ತಮ್ಮ ಕಾರಿನಲ್ಲಿ ನಮ್ಮನ್ನೂ ಹಂಪಿಗೆ ಕರೆದುಕೊಂಡು ಹೋದರು. ಬೇಡವೆನ್ನಲು ನಾನು ಹುಡುಕಿದ ನೆವಗಳೆಲ್ಲ ಮುಗಿದಿದ್ದವು. ಅಪ್ಪ ನಿಧಾನಕ್ಕೆ ಹೇಮಕೂಟದ ಬಂಡೆ ಏರಿ, ಗೋಪುರ ಎದುರಿಗೆ ಕಾಣುವ ಕಡೆ ಕೂತುಬಿಟ್ಟ. ಟಿಕೀಟಿಲ್ಲ, ಗೇಟಿಲ್ಲ. ಬಿಸಿಲು ಬಿದ್ದ ಬಂಡೆಗಳು, ಬಾಳೆ ತೋಟ, ಹೊಳೆಯ ತುಂಡು ಎಲ್ಲ ಕಣ್ಣ ಮುಂದೆ. ಗೌರಮ್ಮನವರು ಹಣ್ಣುಕಾಯಿಯ ಬುಟ್ಟಿ ಹಿಡಿದು ನಿಂತರು. "ಬರ್ರಿ ಹಿರೇರ, ನಿಮ್ಮ ಹೆಸರಿಲೆ ಒಂದು ಅರ್ಚನಿ ಮಾಡಸೂಣು. ಎದಿ ಹಗುರ ಆಕ್ಕೈತಿ."

"ನಾ ಬರಂಗಿಲ್ರಿ" ಎಂದ ಅಪ್ಪ.

"ಯಾಕ್ರಿ?"

"ದಮ್ಮು ರೀ ಅಮ್ಮಾರ!" ಎಂದು ನಾನು ಅವನಿಗಿಂತ ಮೊದಲು ಕೂಗಿದೆ. "ಜನದಾಗ ಹೋದ್ರ ದಮ್ಮು ಹತ್ತತೈತಿ."

ಅವರು ಪಾಪ ಎಂದು ತಲೆಯಾಡಿಸಿ ಗುಡಿಗೆ ಇಳಿದರು. ಅವ್ವ ಸೀರೆಯ ಸೆರಗು ಬಾಯಿಗೆ ಹಿಡಿದು ಬೇರೆ ಕಡೆ ನೋಡಿದಳು. ಅಪ್ಪ ನನ್ನ ಮುಖ ನೋಡಿ ಮೆಲ್ಲಗೆ, "ನನ್ನ ದಮ್ಮಿಗೆ ಭಾಳ ಕೆಲಸಾ ಹಚ್ಚೀಯಲ್ಲವ್ವ" ಎಂದ. ನಗಲಿಕ್ಕೆ ಹೇಳಿದ ಮಾತು, ಆದರೆ ನನಗೆ ಅಳು ಬಂತು. ಅಂಥ ಜಾಗದಲ್ಲಿ ಕೂತು, ಜಗತ್ತೇ ದುಡ್ಡು ಖರ್ಚು ಮಾಡಿ ನೋಡಲು ಬರುವ ನೋಟವನ್ನು ನಾವು ಪುಕ್ಕಟೆ ನೋಡುತ್ತಿದ್ದೆವು. ನಾನು ನೋಡಿದ್ದು ಮಾತ್ರ ಗೌರಮ್ಮನವರು ಗುಡಿಯಿಂದ ವಾಪಸು ಬರುವ ದಾರಿಯನ್ನು.

ದಸರಾ ಹತ್ತಿರ ಬಂತು. ಊರಿಗೆ ಅದು ಬನ್ನಿ ಹಬ್ಬ. ಹೊಸ ಬಟ್ಟೆ ಉಟ್ಟು, ಬನ್ನಿ ಎಲೆ ಹಂಚಿ, ಹಿರಿಯರ ಕಾಲು ಮುಟ್ಟುವ ದಿನ. ನಮಗೆ ಅದು ದೀಕ್ಷೆಯ ದಿನ, ಆ ಚಿತ್ರದಲ್ಲಿದ್ದವರು ಬೌದ್ಧರಾದ ದಿನ. ಬಿಳಿ ಬಟ್ಟೆ ಉಟ್ಟು, ಚಿತ್ರದ ಮುಂದೆ ಮೇಣದಬತ್ತಿ ಹಚ್ಚಿ ಕೂತು ಶರಣಂ ಹೇಳುವುದು ನಮ್ಮ ಮನೆಯ ರೂಢಿ.

"ಈ ವರ್ಷ ಬಿಳಿ ಬ್ಯಾಡಪ್ಪ. ಮನಸಿನ್ಯಾಗ ಹೇಳ್ಕೊಂಡ್ರ ಸಾಕು" ಎಂದೆ.

"ವರ್ಷದಾಗ ಒಂದು ದಿನ ನಾವು ನಾವಾಗಿ ಕುಂದ್ರತೀವಿ. ಅದನ್ನೂ ಬಿಡು ಅಂತೀಯೇನು?"

ಅವನ ದನಿ ಏರಲಿಲ್ಲ. ಏರಿದ್ದರೆ ನಾನೂ ಏರಿಸಬಹುದಿತ್ತು. ಬಾಗಿಲು ಹಾಕಿಕೊಂಡು, ಜಲ್ದಿ ಮುಗಿಸುವುದೆಂದು ಒಪ್ಪಂದವಾಯಿತು.

ಅವತ್ತು ಬೆಳಿಗ್ಗೆ ಟ್ರಂಕಿನಿಂದ ಚಿತ್ರ ಹೊರಬಂತು. ಗೋಡೆಗೆ ಮೊಳೆ ಹೊಡೆಯುವ ಧೈರ್ಯ ನನಗಿರಲಿಲ್ಲ. ಅವ್ವ ಮಾಳಿಗೆಯಿಂದ ಅಪ್ಪನ ಕುರ್ಚಿಯನ್ನೇ ಒಳಗೆ ತಂದು, ಅದರ ಮೇಲೆ ಚಿತ್ರ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಮುಂದೆ ಮೇಣದಬತ್ತಿ ಹಚ್ಚಿದಳು. ತಾನು ಅಚ್ಚ ಬಿಳಿ ಸೀರೆ ಉಟ್ಟಿದ್ದಳು. ಅಪ್ಪ ಮಾಳಿಗೆಯ ಮೂಲೆಯ ಬಚ್ಚಲಲ್ಲಿ ಸ್ನಾನಕ್ಕೆ ಇಳಿದಿದ್ದ. ಉಸಿರು ತಗೊಂಡು ತಗೊಂಡು ನೀರು ಹಾಕಿಕೊಳ್ಳುವವನಿಗೆ ಅದು ಬಹಳ ಹೊತ್ತಿನ ಕೆಲಸ. ನಾನು ಅಡುಗೆಮನೆಯಲ್ಲಿ ಪಾಯಸ ತಿರುವುತ್ತಿದ್ದೆ. ಕೆಳಗೆ ಕಂಪ್ಲಿಯ ಅಕ್ಕ, ಮನೆಯ ನೆಂಟರು ಎಲ್ಲ ಸೇರಿದ್ದು ಕೇಳಿಸುತ್ತಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. ಅಪ್ಪನೇ ಬಂದನೆಂದು ಅವ್ವ ತೆರೆದಳು.

ನಿಂತಿದ್ದವರು ಗೌರಮ್ಮನವರು. ಹಸಿರು ಇಳಕಲ್ ಸೀರೆ, ಕೈಯಲ್ಲಿ ಬನ್ನಿ ಎಲೆ. ಹಿರಿಯರಿಗೆ ಮೊದಲು ಬನ್ನಿ ಕೊಡಬೇಕೆಂದು ತಾವೇ ಹತ್ತಿ ಬಂದಿದ್ದರು. ಅವರು ಅವ್ವನ ಬಿಳಿ ಸೀರೆ ನೋಡಿದರು. ಒಳಗಿನ ಕತ್ತಲಲ್ಲಿ ಅಪ್ಪನ ಕುರ್ಚಿ, ಅದರ ಮೇಲೆ ಹಾರ ಹಾಕಿದ ಫೋಟೋ, ಮುಂದೆ ಉರಿಯುವ ದೀಪ ನೋಡಿದರು. ಗಾಜಿನ ಮೇಲೆ ಬಾಗಿಲಿನ ಬೆಳಕು ಬಿದ್ದು ಮುಖ ಕಾಣುತ್ತಿರಲಿಲ್ಲ. ಬನ್ನಿ ಎಲೆ ಕೈಯಿಂದ ಉದುರಿತು.

"ಅಯ್ಯಯ್ಯೋ ಎವ್ವಾ! ಹಬ್ಬದ ದಿನ ಹಿಂಗ ಆತೇನವ್ವಾ! ಹಿರೇರು ಹೋಗಿಬಿಟ್ರೇನವ್ವಾ!"

ಎದೆ ಬಡಿದುಕೊಂಡು ಬಂದು ಅವ್ವನನ್ನು ತಬ್ಬಿಕೊಂಡರು. ಅವ್ವನಿಗೆ ತಿಳಿದದ್ದೇ ಬೇರೆ. ಬಚ್ಚಲಲ್ಲಿ ಅಪ್ಪ ಬಿದ್ದದ್ದನ್ನು ಇವರು ನೋಡಿ ಬಂದು ಹೇಳುತ್ತಿದ್ದಾರೆ ಎಂದುಕೊಂಡಳು. ಅವಳೂ ಹೋ ಎಂದು ದನಿ ತೆಗೆದಳು. ಒಬ್ಬರ ಕುತ್ತಿಗೆಗೆ ಒಬ್ಬರು ಬಿದ್ದು, ಒಬ್ಬರ ಅಳು ನೋಡಿ ಇನ್ನೊಬ್ಬರು ಜೋರಾಗಿ ಅತ್ತರು. ನಾನು ಸೌಟು ಹಿಡಿದುಕೊಂಡೇ ಓಡಿ ಬಂದೆ. ಡಾಕ್ಟರು ಹೇಳಿದ ಚಳಿಗಾಲ ಇಷ್ಟು ಬೇಗ ಬಂತೇ?

"ಯಾರು ಹೋದ್ರು?"

ಬಾಗಿಲಲ್ಲಿ ಅಪ್ಪ ನಿಂತಿದ್ದ. ಬಿಳಿ ಅಂಗಿ, ಬಿಳಿ ಪಂಜೆ, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಗೌರಮ್ಮನವರು ಅವನ ತೋಳು ಹಿಡಿದು ಅಲುಗಾಡಿಸಿ ನೋಡಿದರು. ಆಮೇಲೆ ಅಳುತ್ತಲೇ ನಗಲು ಶುರು ಮಾಡಿದರು. ಅವ್ವ ನಕ್ಕಳು, ನಾನೂ ನಕ್ಕೆ, ಅಪ್ಪ ಏನೂ ತಿಳಿಯದೆ ನಕ್ಕ. ಆ ಮನೆಯಲ್ಲಿ ಹೆದರಿಕೆಯಿಲ್ಲದೆ ನಾನು ನಕ್ಕದ್ದು ಅದೇ ಮೊದಲು. ನಗುತ್ತಾ ಗೌರಮ್ಮನವರು ಕಣ್ಣೊರೆಸಿಕೊಂಡು, "ಮತ್ತ ಈ ಬಿಳಿ ಸೀರಿ ಯಾಕ? ಈ ಫೋಟೋ ಯಾರ್ದು?" ಎಂದು ಬಗ್ಗಿದರು. ನೀಲಿ ಕೋಟು ಕಂಡಿತು. ನಗು ನಿಂತಿತು.

ಅವರ ಕಣ್ಣು ಚಿತ್ರದಿಂದ ಷೋಕೇಸಿನ ಬುದ್ಧನ ಕಡೆಗೆ, ಅಲ್ಲಿಂದ ನನ್ನ ಕಡೆಗೆ ಬಂತು. ಅವರು ಒಂದೂ ಪ್ರಶ್ನೆ ಕೇಳಲಿಲ್ಲ. ಅಷ್ಟರಲ್ಲಿ ಕೆಳಗಿನ ಅಂಗಳದಿಂದ ಕಂಪ್ಲಿಯ ಅಕ್ಕನ ದನಿ ಬಂತು. "ಗೌರೀ! ಯಾಕ ಅತ್ತಿ? ಏನಾತ ಮ್ಯಾಲ?"

ಗೌರಮ್ಮನವರು ಮೋಟುಗೋಡೆಯ ಹತ್ತಿರ ಹೋದರು. ನಮ್ಮ ಕಡೆ ಒಮ್ಮೆ ನೋಡಿ, ಕೆಳಗೆ ಬಗ್ಗಿ, "ಏನಿಲ್ಲಕ್ಕ. ಹಿರೇರಿಗೆ ದಮ್ಮು ಹೆಚ್ಚಾಗಿತ್ತು. ಈಗ ಆರಾಮ ಅದಾರ" ಎಂದರು.

ನನ್ನ ಜೀವ ವಾಪಸು ಬಂತು. ನಾನು ಇಷ್ಟು ದಿನ ಒಬ್ಬಳೇ ಹೊತ್ತಿದ್ದ ಸುಳ್ಳಿಗೆ ಇನ್ನೊಬ್ಬರು ಹೆಗಲು ಕೊಟ್ಟಿದ್ದರು. ಆದರೆ ಅಪ್ಪ ಆಗಲೇ ಗೋಡೆ ಹಿಡಿದುಕೊಂಡು ಅವರ ಪಕ್ಕ ಹೋಗಿ ನಿಂತಿದ್ದ. ನಾನು ಅಂಗಿ ಹಿಡಿದು ಜಗ್ಗಿದೆ. ಅವನು ಬಿಡಿಸಿಕೊಂಡ. ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಟ್ಟು ಮಾಡಿ, ನಾನು ಎಂದೂ ಕೇಳದಷ್ಟು ದೊಡ್ಡ ದನಿಯಲ್ಲಿ ಕೂಗಿದ.

"ದಮ್ಮಲ್ರಿ ಅಕ್ಕಾರ! ಇವತ್ತು ನಮ್ಮ ಹಬ್ಬ. ನಾವು ಬೌದ್ಧರು. ಪಾಯಸ ಆಗೇತಿ, ಮ್ಯಾಲ ಬರ್ರಿ!"

ಬೀದಿಯಲ್ಲಿ ಬನ್ನಿ ಹಿಡಿದು ಹೋಗುತ್ತಿದ್ದವರು ತಲೆ ಎತ್ತಿ ನೋಡಿದರು. ಅಪ್ಪ ಕೆಮ್ಮುತ್ತ ನೆಲಕ್ಕೆ ಕುಕ್ಕರಿಸಿದ, ಅವ್ವ ಪಂಪು ತಂದು ಬಾಯಿಗೆ ಹಿಡಿದಳು. ಗೌರಮ್ಮನವರು ಮೆಟ್ಟಿಲು ಇಳಿದು ಹೋದರು.

ಮಧ್ಯಾಹ್ನವೆಲ್ಲ ಅವ್ವ ಪಾತ್ರೆಗಳನ್ನು ಒರೆಸಿ ಒರೆಸಿ ಗಂಟು ಕಟ್ಟಿದಳು. ಯಾರೂ ಮನೆ ಬಿಡಿ ಎಂದಿರಲಿಲ್ಲ, ಹೇಳಿಸಿಕೊಳ್ಳುವ ಮೊದಲೇ ಕಟ್ಟಿಡುವುದು ನಮಗೆ ಅಭ್ಯಾಸ. ಮತ್ತೆ ಆ ಫೋನುಗಳು, ಆ ಅಳಿಯಂದಿರು, ಬಂಡ್ರಿಯ ಧೂಳು, ಎದುರಿಗೆ ಚಳಿಗಾಲ. ನನಗೆ ಅಪ್ಪನ ಮೇಲೆ ಸಿಟ್ಟು ಬಂದಿತ್ತು. "ಒಂದು ಉಸಿರಿಗೆ ಮನಿ ಕಳದ್ಯಲ್ಲಪ್ಪ" ಎಂದೂ ಅಂದೆ. ಅವನು ಕುರ್ಚಿಯನ್ನು ಮತ್ತೆ ಹೊರಗೆ ಒಯ್ದು ಕೂತಿದ್ದ. "ಗುಡ್ಡ ಇವತ್ತು ಭಾಳ ಸ್ವಚ್ಛ ಕಾಣತೈತಿ, ಬಾ ನೋಡು" ಎಂದ. ನಾನು ಹೋಗಲಿಲ್ಲ.

ಸಂಜೆ ಸಾವ್ಕಾರರ ಕಾರು ಬಂತು. ಸ್ವಲ್ಪ ಹೊತ್ತಿಗೆ ಕೆಳಗೆ ಮಾತು ಜೋರಾಯಿತು. ನಾನು ಮೆಟ್ಟಿಲ ಮೇಲಿನ ತುದಿಯಲ್ಲಿ ನಿಂತೆ. "ಇವತ್ತ ಖಾಲಿ ಮಾಡಸು, ಮಂದಿ ಏನಂತಾರ" ಎಂದು ಅಕ್ಕನ ದನಿ. "ಹೇಳದ ಸೇರ್ಕೊಂಡಾರ, ಮೋಸ ಮಾಡ್ಯಾರ" ಎಂದು ಸಾವ್ಕಾರರ ದನಿ. ಆಮೇಲೆ ಪಾತ್ರೆ ಕುಕ್ಕಿದ ಸದ್ದು, ಅದರ ಹಿಂದೆಯೇ ಗೌರಮ್ಮನವರ ದನಿ.

"ಹೇಳಿದ್ರ ನಾನೂ ಕೊಡತಿದ್ದಿಲ್ಲ, ಖರೇನ. ಆದ್ರ ಮುಂಜಾನಿ ಆ ಮನಷ್ಯಾ ಸತ್ತಾನಂತ ಎದಿ ಬಡಕೊಂಡು ಅತ್ತೀನಿ. ಜೀವಂತ ಅದಾನ ಅಂತ ಈಗ ಹೆಂಗ ಹೊರಗ ಹಾಕಲಿ?"

ನನ್ನ ಹಿಂದೆ ಅವ್ವ ಗಂಟು ಬಿಚ್ಚಿ ಚಹಾದ ಪಾತ್ರೆ ಹೊರಗೆ ತೆಗೆದಳು.